ಒಂದು ಬಾಯಿ ಬಿಟ್ಟಿರಲಿ

ಪೇಪರ್ ಗೋದಾಮು, ಹಿಂದಿನ ಕೋಣೆ
ಗುರುವಾರ, ಮಳೆ ಹೊಳವಾದ ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮಾ,

ಮೊದಲು ಕೈ ಹೇಗಿದೆ ಹೇಳು. ಹೊಲಿಗೆ ಬಿಚ್ಚಿದರಾ? ಬೆರಳು ಮಡಚಿದರೆ ನೋವು ಮಣಿಕಟ್ಟಿನಲ್ಲೇ ನಿಲ್ಲುತ್ತದೆಯೋ, ಮೊಣಕೈವರೆಗೂ ಹೋಗುತ್ತದೆಯೋ? ಫೋನಿನಲ್ಲಿ ಕೇಳಿದರೆ ನೀನು "ಚೆನ್ನಾಗಿದೀನಿ ಕಣೇ" ಅನ್ನುತ್ತೀಯ, ಹಿಂದಿನಿಂದ ದೊಡ್ಡಮ್ಮ "ಏನ್ ಚೆನ್ನಾಗಿರೋದು, ಲೋಟ ಬೀಳಿಸಿದ್ದು ಹೇಳು" ಅನ್ನುತ್ತಾರೆ. ಇಬ್ಬರಲ್ಲಿ ಯಾರನ್ನು ನಂಬಬೇಕೋ ತಿಳಿಯದೆ ನಾನು ಇಲ್ಲಿ ಟೆನ್ಶನ್ ಮಾಡಿಕೊಂಡು ಕೂರುತ್ತೇನೆ. ನಿನಗೆ ಗೊತ್ತಲ್ಲ, ನನಗೆ ಟೆನ್ಶನ್‌ಗೆ ಕಾರಣ ಬೇಕಿಲ್ಲ, ಸಿಕ್ಕರೆ ಸಂತೋಷ ಅಷ್ಟೆ. ಬಟ್ಟೆ ಹಿಂಡಬೇಡ. ಡಬ್ಬಿಯ ಮುಚ್ಚಳ ತಿರುಗಿಸಬೇಡ. ಮುಚ್ಚಳ ತೆಗೆಯುವುದಕ್ಕೇ ದೊಡ್ಡಪ್ಪ ಇರುವುದು.

ಫೋನ್ ಇರುವಾಗ ಪತ್ರ ಯಾಕೆ ಅಂತ ಕೇಳುತ್ತೀಯ. ಅಲ್ಲಿ ದೊಡ್ಡಮ್ಮ ಸ್ಪೀಕರ್ ಹಾಕುತ್ತಾರೆ, ಇಲ್ಲಿ ಚಿಕ್ಕಪ್ಪ ಹಾಕುತ್ತಾರೆ. ನಾವಿಬ್ಬರೂ ಮಾತಾಡುವುದು ಸಭೆಯಲ್ಲಿ ಭಾಷಣ ಮಾಡಿದ ಹಾಗೆ ಆಗುತ್ತದೆ. ಅದಕ್ಕೇ ಪತ್ರ. ನನ್ನ ಒತ್ತಕ್ಷರ ತಪ್ಪಿದ್ದರೆ ದೊಡ್ಡಮ್ಮ ಕೆಂಪು ಪೆನ್ನು ಹುಡುಕುವುದು ಬೇಡ. ಒಂದನೇ ಕ್ಲಾಸಿನಿಂದ ಹಾಸ್ಟೆಲ್‌ಗೆ ಹಾಕಿದವಳು ನೀನು. ಅಲ್ಲಿ ಮನೆಮಾತು ಆಡಿದರೆ ವಾರ್ಡನ್ ಕಣ್ಣು ಬಿಡುತ್ತಿದ್ದರು. ಈಗ ನನ್ನ ಭಾಷೆ ಅರ್ಧ ಆಚೆ, ಅರ್ಧ ಈಚೆ. ಆಕ್ಚುಯಲಿ ಆ ಅರ್ಧವೇ ಈ ಸಲ ಕೆಲಸಕ್ಕೆ ಬಂತು, ಅದನ್ನು ಹೇಳುತ್ತೇನೆ ಇರು.

ನೀನು ಆಸ್ಪತ್ರೆಯಿಂದ ನೇರ ದೊಡ್ಡಮ್ಮನ ಮನೆಗೆ ಹೋದೆ, ನಾನು ಸೆಮಿಸ್ಟರ್ ರಜೆಗೆ ಬಂದೆ, ನಮ್ಮಿಬ್ಬರ ನಡುವೆ ಮಿಷನ್ ಬಂತು. ಪೇಪರಿಗೆ ಪ್ಲಾಸ್ಟಿಕ್ ಸುತ್ತುವ ಮಿಷನ್. ನೀನು ಇಷ್ಟು ವರ್ಷ ಕೈಯಲ್ಲಿ ಸುರುಳಿ ಸುತ್ತಿ, ಕವರಿಗೆ ತೂರಿಸಿ, ಮಣಿಕಟ್ಟು ಸವೆಸಿಕೊಂಡೆಯಲ್ಲ, ಅದೇ ಕೆಲಸ. ಇಲ್ಲಿ ಎಲ್ಲರೂ ಅದಕ್ಕೆ "ಹೊಸ ಸೊಸೆ" ಅನ್ನುತ್ತಾರೆ. ಬಂದ ದಿನ ಎಲ್ಲರೂ ಸುತ್ತ ನಿಂತು ನೋಡಿದರು, ಮಾರನೇ ದಿನದಿಂದ ಎಲ್ಲರೂ ದೂರು ಹೇಳಿದರು, ಅದಕ್ಕೆ. "ಸೊಸೆ ಎದ್ದಿದಾಳಾ?" "ಬಿಸಿ ಆಗ್ತಿದಾಳೆ ತಡಿ." ಹೀಗೆ. ಬೆಳಗಿನ ಜಾವ ಲಾರಿ ಬಂದು ಕಟ್ಟು ಇಳಿಸಿದ ಮೇಲೆ ಒಂದು ತುದಿಯಲ್ಲಿ ಪೇಪರ್ ಜೋಡಿಸುತ್ತೇವೆ. ಓಡುವ ಬೆಲ್ಟಿನ ಮೇಲೆ ಒಂದೊಂದೇ ಸಾಗಿ, ಮಡಚಿಕೊಂಡು, ಮೇಲಿನ ರೋಲಿನಿಂದ ಇಳಿಯುವ ಪ್ಲಾಸ್ಟಿಕ್ಕಿನೊಳಗೆ ನುಗ್ಗುತ್ತದೆ. ಎರಡು ಬಿಸಿ ಪಟ್ಟಿಗಳಿವೆ. ಮುಂದಿನದು ಕವರಿನ ಮುಂದಿನ ಬಾಯಿ ಮುಚ್ಚುತ್ತದೆ, ಹಿಂದಿನದು ಹಿಂದಿನ ಬಾಯಿ. ಚಕ್ ಚಕ್ ಅಂತ ಶಬ್ದ, ಸುಟ್ಟ ಬಾಚಣಿಗೆಯ ವಾಸನೆ. ಮೊದಲ ದಿನ ನಾನು ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದೆ, ಎಲ್ಲಿ ಯಾರ ಬೆರಳು ಸಿಕ್ಕಿಹಾಕಿಕೊಳ್ಳುತ್ತದೋ ಅಂತ.

ಚಿಕ್ಕಪ್ಪ ಆ ದಿನ ಮದುವೆ ಗಂಡಿನ ಹಾಗೆ ಓಡಾಡಿದರು. ಬಕೆಟ್ಟಿನಲ್ಲಿ ನೀರು ತರಿಸಿ, ಸುತ್ತಿದ ಪೇಪರನ್ನು ಮುಳುಗಿಸಿ, ಎತ್ತಿ, ಹರಿದು, ಒದ್ದೆಯಾಗದ ಪುಟವನ್ನು ಹುಡುಗರ ಮೂಗಿಗೆ ಹಿಡಿದು ತೋರಿಸಿದರು. "ಇನ್ನು ಮೇಲೆ ಹೊಳೇಲಿ ಎಸೆದ್ರೂ ಚಿಂತೆ ಇಲ್ಲ" ಅಂದರು. ಮೀಸೆ ಮಾಮ, ಅದೇ ನಮ್ಮ ಹಳೇ ಡೆಲಿವರಿ ಮಾಮ, "ಹೊಳೇಲಿ ಯಾರೂ ಚಂದಾ ಕಟ್ಟಿಲ್ವಲ್ಲ ಸ್ವಾಮಿ" ಅಂದದ್ದಕ್ಕೆ ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕರು.

ಆಮೇಲೆ ಮಳೆ ಹಿಡಿಯಿತು, ನಗು ನಿಂತಿತು. ಲಾರಿಗೆ ಹೊದಿಸಿದ ಟಾರ್ಪಾಲು ಹರಿದಿದೆ. ಪೇಪರ್ ಒದ್ದೆಯಾಗುವುದಿಲ್ಲ, ಆದರೆ ಥಂಡಿ ಕುಡಿದು ಮೆತ್ತಗಾಗಿ ಬರುತ್ತದೆ. ಅದನ್ನು ಸೊಸೆ ಎರಡೂ ಬಾಯಿ ಮುಚ್ಚಿ ಕಳಿಸುತ್ತಾಳೆ. ಒಳಗಿನ ಥಂಡಿ ಹೊರಗೆ ಹೋಗಲು ದಾರಿ ಇಲ್ಲ. ಜನ ಗೇಟಿನ ಹತ್ತಿರ ಎತ್ತಿಕೊಂಡು ನೋಡಿದರೆ ಕವರಿನ ಒಳಮೈಗೆ ಬೆವರು ಹನಿ, ಮುಖಪುಟದ ಅಕ್ಷರವೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಫೋನಿನ ಮೇಲೆ ಫೋನ್. ಮೂಲೆಮನೆಯ ರಿಟೈರ್ಡ್ ಮೇಷ್ಟ್ರು ಕೇಳಿದರಂತೆ, "ಏನಪ್ಪಾ, ಇದನ್ನ ಓದಬೇಕೋ, ಹಿಂಡಿ ಒಣಗಹಾಕಬೇಕೋ?" ಚಿಕ್ಕಪ್ಪ ಮೊದಲು ಲಾರಿಯವನನ್ನು ಬೈದರು, ಆಮೇಲೆ ಪ್ರೆಸ್ಸನ್ನು, ಆಮೇಲೆ ಆಕಾಶವನ್ನು. ಸೊಸೆಯನ್ನು ಮಾತ್ರ ಬೈಯಲಿಲ್ಲ.

ನನಗೆ ಆಗ ನೆನಪಾಗಿದ್ದು ನೀನು. ರಜೆಗೆ ಬಂದಾಗ ನಾನು ನಿನ್ನ ಪಕ್ಕ ಕೂತು ಕವರಿನ ತುದಿಗೆ ಗಂಟು ಹಾಕುತ್ತಿದ್ದೆ, ಚೆಂದ ಕಾಣಲಿ ಅಂತ. ನೀನು ಒಂದು ಮಾತೂ ಬೈಯದೆ ಗಂಟು ಬಿಚ್ಚುತ್ತಿದ್ದೆ. "ಒಂದು ಬಾಯಿ ಬಿಟ್ಟಿರಲೇ, ಅದೂ ಉಸಿರಾಡ್ಲಿ" ಅನ್ನುತ್ತಿದ್ದೆ. ನಾನು ಪೇಪರ್ ಉಸಿರಾಡುತ್ತದೆ ಅಂತ ನಿಜವಾಗಿ ನಂಬಿ ಹಾಸ್ಟೆಲ್‌ನಲ್ಲಿ ಗೆಳತಿಯರಿಗೆ ಹೇಳಿ ನಗೆಪಾಟಲಾಗಿದ್ದೆ. ಈಗ ಹೋಗಿ ಚಿಕ್ಕಪ್ಪನಿಗೆ ಹೇಳಿದೆ, ಹಿಂದಿನ ಬಾಯಿ ಬಿಡೋಣ, ಅಮ್ಮ ಹಾಗೇ ಮಾಡುತ್ತಿದ್ದಳು ಅಂತ. ಅವರು ರಸೀದಿ ಪುಸ್ತಕದಿಂದ ತಲೆ ಎತ್ತದೆ, "ಮೊದಲು ನಿನ್ನ ಬಾಯಿ ಮುಚ್ಚು. ಹಾಸ್ಟೆಲ್‌ನಲ್ಲಿ ಬೆಳೆದೋಳು, ನಿನಗೇನ್ ಗೊತ್ತು ಗೋದಾಮಿನ ವಿಷಯ" ಅಂದರು. ಆದರೂ ಮಿಷನ್ ಜೊತೆ ಬಂದ ಪುಸ್ತಕ ತಂದು ಮೇಜಿನ ಮೇಲೆ ಇಟ್ಟೆ. ಅದು ಪೂರ್ತಿ ಇಂಗ್ಲಿಷ್, ಅದಕ್ಕೇ ಯಾರೂ ಬಿಡಿಸಿಯೇ ಇರಲಿಲ್ಲ. ಹಿಂದಿನ ಬಿಸಿ ಪಟ್ಟಿಯ ಎದುರು "ಆಪ್ಶನಲ್" ಅಂತಿದೆ, ನೋಡಿ ಅಂದೆ. ಹಾಗಂದ್ರೇನು ಅಂದರು. ಬೇಕಾದರೆ ಹಾಕು, ಬೇಡವಾದರೆ ಬಿಡು ಅಂತ, ಅಂದೆ. "ಬೇಡವಾದ್ರೆ ಬಿಡೋಕೆ ನಾನು ಅದನ್ನ ಲಾರಿ ಮಾಡ್ಕೊಂಡು ತಂದೆನಾ?" ಅಂದರು. ಅಲ್ಲಿಗೆ ಸಭೆ ಮುಗಿಯಿತು.

ಮಾರನೇ ಬೆಳಗ್ಗೆ ಅವರು ಪ್ರೆಸ್ಸಿನವರ ಹತ್ತಿರ ಜಗಳಕ್ಕೆ ಹೋದಾಗ ನಾನು ಹಿಂದಿನ ಪಟ್ಟಿಯ ಸ್ವಿಚ್ ಆರಿಸಿದೆ. ಕೇಳಲಿಲ್ಲ, ಹೇಳಲಿಲ್ಲ. ಅಮ್ಮಾ, ಅದು ಇನ್ನೂ ಕೆಟ್ಟಿತು. ಮುಂಚೆ ಬೆವರು ಹನಿ ಇತ್ತು, ಆ ದಿನ ಸಾಕ್ಷಾತ್ ಮಳೆಯೇ ಒಳಗೆ. ಬಿಟ್ಟ ಬಾಯಿ ಮೇಲಕ್ಕೆ ಮಾಡಿ ಗೇಟಿಗೆ ಸಿಕ್ಕಿಸಿದ್ದರು, ಒಂದೊಂದು ಕವರೂ ಒಂದೊಂದು ಚೊಂಬು. ಮೇಷ್ಟ್ರು ಈ ಸಲ ಫೋನ್ ಮಾಡಲಿಲ್ಲ, ಪೇಪರನ್ನೇ ಹಿಡಿದುಕೊಂಡು ಬಂದು ಚಿಕ್ಕಪ್ಪನ ಮೇಜಿನ ಮೇಲೆ ಬಗ್ಗಿಸಿ ನೀರು ಸುರಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿ, "ಇದೇನಾ ನಿಮ್ಮಮ್ಮನ ಇಂಜಿನಿಯರಿಂಗು?" ಅಂದರು. ನನ್ನನ್ನು ಅಂದಿದ್ದರೆ ಹಿಂದಿನ ಕೋಣೆಗೆ ಹೋಗಿ ಅತ್ತುಬಿಡುತ್ತಿದ್ದೆ, ಅಭ್ಯಾಸವಿದೆ. ನಿನ್ನನ್ನು ಅಂದರು. ಅದಕ್ಕೇ ಅಳು ಬರಲಿಲ್ಲ.

ಇನ್ನೂ ಹಂಚದೆ ಉಳಿದ ಪೇಪರಿನ ಜೊತೆ ಮೀಸೆ ಮಾಮನ ಸ್ಕೂಟರಿನ ಹಿಂದೆ ಕೂತು ಅವರು ಪೇಪರ್ ಹಾಕುವ ಲೈನಿಗೆ ಹೋದೆ. ಮೊದಲ ಗೇಟಿನಲ್ಲಿ ಅವರು ಚೀಲಕ್ಕೆ ಕೈ ಹಾಕಿದರು, ಎಳೆದರು, ಸಿಕ್ಕಿಸಿದರು. ಬಾಯಿ ಮೇಲಕ್ಕೆ. ಯಾಕೆ ಮಾಮ ಹೀಗೆ ಇಡುತ್ತೀರಿ ಅಂದೆ. ಅವರು ಮಳೆಯಲ್ಲೇ ನಿಂತು ಯೋಚನೆ ಮಾಡಿದರು. "ನಾನು ಯಾವತ್ತೂ ಹೀಗೇ ಇಡೋದು. ಕೈಗೆ ಹೇಗೆ ಬರುತ್ತೋ ಹಾಗೆ. ಮುಂಚೆ ಮುಚ್ಚಿದ ಕಡೆ ಕೈಗೆ ಬರ್ತಿತ್ತು, ಅದನ್ನ ಹಿಡಿದು ಇಟ್ರೆ ಬಾಯಿ ತಾನಾಗೇ ಕೆಳಗೆ ಹೋಗ್ತಿತ್ತು" ಅಂದರು. ತಾನಾಗೇ ಹೇಗೆ ಮಾಮ, ಅಂದೆ. ಅವರು ಮೀಸೆಯ ನೀರು ಒರೆಸಿಕೊಂಡರು. ಮುಂದಿನ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ, "ಅದು ನಿಮ್ಮಮ್ಮ ಕಣಮ್ಮಾ" ಅಂದರು.

ನೀನೇ ಅಲ್ಲವಾ? ಸುತ್ತುವಾಗ ಒಂದು ಬಾಯಿ ಬಿಟ್ಟು, ಚೀಲ ತುಂಬುವಾಗ ಒಂದೊಂದನ್ನೂ ತಲೆಕೆಳಗೆ ಮಾಡಿ ಇಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ನಿನ್ನ ಮಗಳಿಗೂ ಅರ್ಧ ಮಾತ್ರ ಹೇಳಿದ್ದೆ. ಊರಿನವರೆಲ್ಲ ಅಷ್ಟು ವರ್ಷ ಮಳೆಗಾಲದಲ್ಲಿ ಗರಿಗರಿ ಪೇಪರ್ ಓದಿದರು, ಅದು ತಾನಾಗೇ ಹಾಗಿರುತ್ತದೆ ಅಂತ ಮೀಸೆ ಮಾಮನ ಹಾಗೇ ಎಲ್ಲರೂ ಅಂದುಕೊಂಡರು. ಅದು ಒಂದು ಕೆಲಸ ಅಂತ ನಿನಗಾದರೂ ಗೊತ್ತಿತ್ತಾ?

ಮಿಷನ್ ಮುಚ್ಚಿದ ತುದಿಯನ್ನು ಮೊದಲು ಉಗುಳುತ್ತದೆ, ಅದು ನೇರ ಚೀಲದ ತಳಕ್ಕೆ ಹೋಗುತ್ತದೆ, ಬಾಯಿ ಮೇಲೆ ಉಳಿಯುತ್ತದೆ. ತಿರುಗಿಸಿ ಇಡುವ ಒಂದು ಕೈ ಅಲ್ಲಿ ಬೇಕೇ ಬೇಕು. ನಾನು ಹೊರಗಿನ ತಗಡಿನ ಶೆಡ್ಡಿಗೆ ಹೋಗಿ ಹಳೇ ಟೈರುಗಳ ಅಡಿಯಿಂದ ನಿನ್ನ ಕುಳ್ಳು ಸ್ಟೂಲ್ ಎಳೆದು ತಂದೆ. ಹೌದು, ಅಲ್ಲಿ ಹಾಕಿದ್ದರು. ಒಂದು ಕಾಲಿಗೆ ನೀನು ಪೇಪರ್ ಮಡಚಿ ಕಟ್ಟಿದ್ದೆಯಲ್ಲ, ಅದು ಹಾಗೇ ಇದೆ. ಅದನ್ನು ಸೊಸೆಯ ಕಾಲ ಬುಡದಲ್ಲಿ ಹಾಕಿ ಕೂತೆ. ಈ ಬೆಳಗ್ಗೆ ಅಷ್ಟೂ ಪೇಪರನ್ನು ಎಡಗೈಯಲ್ಲೇ ತಿರುಗಿಸಿದೆ. ಬೇಕೆಂದೇ ಎಡಗೈ. ಎರಡು ಬೆರಳು ಸಾಕು, ಮಣಿಕಟ್ಟು ಬೇಡವೇ ಬೇಡ. ನಿನ್ನ ಎಡಗೈ ಚೆನ್ನಾಗಿದೆಯಲ್ಲ. ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೋಡಿದರು, "ಸ್ವಿಚ್ ಹಾಕು" ಅಂದರು. ಹಾಕಲ್ಲ ಅಂದೆ. ಅಮ್ಮಾ, ನಾನು ದೊಡ್ಡವರಿಗೆ ಹಾಗೆ ಅಂದದ್ದು ಇದೇ ಮೊದಲು, ನನ್ನ ಧ್ವನಿ ಕೋಳಿಮರಿಯ ಹಾಗೆ ಬಂತು, ಆದರೆ ಬಂತು. ಬೆಳಗಿನಿಂದ ಮಳೆ ಸುರಿದು ಈಗಷ್ಟೇ ನಿಂತಿದೆ. ಒಂದು ಫೋನ್ ಬಂದಿಲ್ಲ. ಫೋನ್ ಕೆಟ್ಟಿದೆಯಾ ಅಂತ ನಾನೇ ಎತ್ತಿ ನೋಡಿದೆ. ಕೆಟ್ಟಿಲ್ಲ.

ಊಟದ ಹೊತ್ತಿಗೆ ಚಿಕ್ಕಪ್ಪ ಬಂದು ತಾವೇ ಆ ಸ್ಟೂಲಿನ ಮೇಲೆ ಕೂತು ನೋಡಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. "ಇದು ನನ್ನ ಅಳತೆದಲ್ಲ" ಅಂದು ಎದ್ದುಹೋದರು. ಅವರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ನಿನ್ನ ಕೈ ನೋಡಲಾರದೆಯೇ ಮಿಷನ್ ತಂದರು, ಅದು ನಿಜ. ಆದರೆ ಬಂದವರಿಗೆಲ್ಲ "ಅತ್ತಿಗೆ ಇನ್ನು ಬರಲ್ಲ, ಅಕ್ಕನ ಮನೇಲೇ ಹಾಯಾಗಿರ್ತಾರೆ" ಅಂತ ಹೇಳುತ್ತಿದ್ದಾರೆ, ಅದೂ ನಿಜ. ಅಪ್ಪ ಹೋದಮೇಲೆ ಈ ಷಟರ್ ಎತ್ತಿದವಳು ನೀನು. ಹಾಯಾಗಿರುತ್ತೀಯೋ ಇಲ್ಲವೋ ನಿನ್ನನ್ನು ಯಾರು ಕೇಳಿದರು? ಅವರ ಲೆಕ್ಕದಲ್ಲಿ ನೀನು ಆಪ್ಶನಲ್. ಬೇಕಾದರೆ ಹಾಕು, ಬೇಡವಾದರೆ ಬಿಡು. ನನಗೆ ಅದಕ್ಕಿಂತ ಸಿಟ್ಟು ಬಂದದ್ದು, ಹೋದ ವಾರ ಸ್ಪೀಕರಿನಲ್ಲಿ ಈ ಮಾತು ಬಂದಾಗ ನೀನು "ಆಗಲಿ ಬಿಡು" ಅಂದದ್ದಕ್ಕೆ. ನಾನು ಹಾಸ್ಟೆಲ್‌ಗೆ ಹೋಗುವಾಗ ನೀನು ಬಸ್ಸಿನ ಕಿಟಕಿ ಹಿಡಿದುಕೊಂಡೂ ಅದನ್ನೇ ಅಂದಿದ್ದೆ, ನಿನ್ನ ಕಣ್ಣು ಮಾತ್ರ ಬೇರೇನೋ ಹೇಳುತ್ತಿತ್ತು. ಆಗ ನಾನು ಚಿಕ್ಕವಳು, ಕಿವಿ ಮಾತ್ರ ನಂಬಿದೆ.

"ನಿನಗ್ಯಾಕೆ ಇದೆಲ್ಲ, ಓದ್ಕೋ ಹೋಗು" ಅಂತ ನೀನು ಅನ್ನುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಓದಿಕೊಳ್ಳುವುದಿಲ್ಲ. ಅಂದರೆ, ಓದಿಕೊಳ್ಳುತ್ತೇನೆ, ಗಣಿತದಲ್ಲಿ ಫೇಲಾಗುವ ಭಯ ಹಾಗೇ ಇದೆ, ಆದರೆ ಇದನ್ನೂ ಬಿಡುವುದಿಲ್ಲ. ರಜೆ ಮುಗಿಯುವವರೆಗೂ ನಿನ್ನ ಸ್ಟೂಲ್ ಮೇಲೆ ನಾನೇ ಕೂರುತ್ತೇನೆ. ಅದು ನನಗೂ ಅಳತೆಗೆ ಸರಿಯಾಗಿಲ್ಲ, ಬೆನ್ನು ನೋಯುತ್ತದೆ. ಆದ್ದರಿಂದ ಬೇಗ ಬಾ. ಸ್ವಿಚ್ಚಿನ ಕೆಳಗೆ ಟೇಪ್ ಅಂಟಿಸಿ ನನ್ನ ಕೆಟ್ಟ ಕೈಬರಹದಲ್ಲಿ "ಹಿಂದಿನ ಬಾಯಿ, ಮುಚ್ಚಬಾರದು" ಅಂತ ಬರೆದಿದ್ದೇನೆ. ಚಿಕ್ಕಪ್ಪ ಅದನ್ನು ಕೀಳಲಿಲ್ಲ, "ಬಾರದು"ವಿನಲ್ಲಿ ನಾನು ಬಿಟ್ಟ ದೀರ್ಘ ಹಾಕಿ ತಿದ್ದಿದ್ದಾರೆ.

ದೊಡ್ಡಮ್ಮನಿಗೆ, ದೊಡ್ಡಪ್ಪನಿಗೆ ನನ್ನ ನಮಸ್ಕಾರ. ಮೀಸೆ ಮಾಮ ನಿನ್ನನ್ನು ಕೇಳಿದರು ಅಂತ ಬರೆಯಲು ಹೇಳಿದರು, ಎರಡು ಸಲ ಹೇಳಿದರು. ನಿನ್ನ ಬಲಗೈಗೆ ನನ್ನದೊಂದು ಮುತ್ತು, ಬ್ಯಾಂಡೇಜಿನ ಮೇಲಿಂದಲೇ.

ಇಂತೀ,
ನಿನ್ನ ಬಾಯಿಬಡುಕಿ ಮಗಳು

ತಾ.ಕ.: ಈಗ ಶುಕ್ರವಾರ ಬೆಳಗಿನ ಜಾವ. ನೀನಿರುವ ಊರಿನ ಪೇಪರ್ ಕಟ್ಟಿನ ಜೊತೆ ಇದನ್ನು ಕಳಿಸುತ್ತಿದ್ದೇನೆ, ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಪತ್ರವನ್ನೂ ಸೊಸೆಯ ಕೈಲೇ ಸುತ್ತಿಸುತ್ತೇನೆ, ಬಾಯಿ ಕೆಳಗೆ ಮಾಡಿ ತೆಗೆದುಕೋ. ಮುಖ್ಯ ವಿಷಯ: ಭಾನುವಾರ ಚಿಕ್ಕಪ್ಪ ಹಣ್ಣು ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಕೈ ವಿಚಾರಿಸುತ್ತಾರೆ, ನಿಜವಾಗಿಯೂ ವಿಚಾರಿಸುತ್ತಾರೆ, ಆಮೇಲೆ ಷಟರಿನ ಎಡಗಡೆ ಬೀಗದ, ನೀನು ಹೋದಾಗಿನಿಂದ ಹಾಕದೇ ಬಿಟ್ಟ ಬೀಗದ, ಕೀ ಕೇಳುತ್ತಾರೆ. ನಿನ್ನ ಪರ್ಸಿನಲ್ಲೇ ಇದೆಯಲ್ಲ, ಅದು. ಕೊಡಬೇಡ. ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಲೂ ಬೇಡ, ಬರುತ್ತೀನಿ ಅಂತ ನೀನೇ ಹೇಳು. "ಆಗಲಿ ಬಿಡು" ಅಂತ ಮಾತ್ರ ಅನ್ನಬೇಡ ಅಮ್ಮಾ. ಏನಾದರೂ ಬಿಡಲೇಬೇಕು ಅಂತಿದ್ದರೆ ಬಾಯಿ ಬಿಡು.