ಒಂಬತ್ತನೇ ಗೂಟ

ವಿರಬಿಲ್ಲಾ
ಆಗಸ್ಟ್ ಮೂವತ್ತು, ಭಾನುವಾರ

ಪ್ರಿಯ ಕ್ಲೆಮ್,

'ಪ್ರಿಯ' ಎಂದು ಬರೆದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಹೊಡೆದುಹಾಕಲು ಮನಸ್ಸಾಗಲಿಲ್ಲ, ಹಾಗೇ ಇರಲಿ. ಇದನ್ನು ನಿನ್ನ ತಂಗಿ ಯೂನಾ ನಿನಗೆ ಓದಿ ಹೇಳುತ್ತಾಳೆ ಎಂದು ಗೊತ್ತು. ಪಾರ್ಶ್ವವಾಯು ಬಡಿದ ಮೇಲೆ ನಿನಗೆ ಮಾತು ಮರಳಿಲ್ಲ, ಬಲಗೈಯ ತೋರುಬೆರಳು ಮಾತ್ರ ಒಮ್ಮೊಮ್ಮೆ ಆಡುತ್ತದೆ ಎಂದು ಅವಳು ಬರೆದಿದ್ದಳು. ಆ ಪತ್ರಕ್ಕೆ ನಾನು ಉತ್ತರ ಹಾಕಲಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಇತ್ತು. ನಿನ್ನೆ ಮಧ್ಯಾಹ್ನದವರೆಗೂ ಇತ್ತು.

ನಿನ್ನೆ ನಮ್ಮ ಮೈದಾನದಲ್ಲಿ ಕಡೆಯ ಫುಟ್ಬಾಲ್ ಆಟ. ಮುಂದಿನ ವರ್ಷದಿಂದ ಎಲ್ಲ ಆಟವೂ ಪಕ್ಕದೂರು ಟಾರ್ಕೂನಿನಲ್ಲೇ. ಎರಡು ಊರಿನ ತಂಡಗಳನ್ನು ಒಂದು ಮಾಡಿದ ದಿನದಿಂದ ನಾನು ಆ ಕಡೆ ತಲೆ ಹಾಕಿದವಳಲ್ಲ. ಆದರೆ ಕ್ಯಾಂಟೀನಿಗೆ ಕೈ ಸಾಲದು ಎಂದು ಹೇಳಿಕಳಿಸಿದರು. ಊರಲ್ಲಿ ಕೈಗಳಾದರೂ ಎಲ್ಲಿ ಉಳಿದಿವೆ? ಶಾಲೆ ಮುಚ್ಚಿತು, ಆಮೇಲೆ ಪಬ್ ಮುಚ್ಚಿತು. ಪಬ್ ಮುಚ್ಚಿದ್ದನ್ನೂ ನಿನ್ನ ತಲೆಗೇ ಕಟ್ಟಿದ್ದಾರೆ.

ನಮ್ಮೂರಿನ ಬುದ್ಧಿ ನಿನಗೆ ಹೇಳಬೇಕೆ. ಹೊಳೆಯವರೆಗೆ ಹೋಗಬೇಕಿದ್ದ ರೈಲುಹಳಿ ಇಲ್ಲಿಗೇ ನಿಂತಿತು, ನಿಂತ ಕಡೆ ಊರಾಯಿತು. ಹಳಿ ಮುಂದುವರಿದೇ ಮುಂದುವರಿಯುತ್ತದೆ ಎಂದು ಮೂರು ತಲೆಮಾರು ಕಾದರು, ಕಡೆಗೆ ಇದ್ದ ರೈಲೂ ಹೋಯಿತು. ಆಸ್ಪತ್ರೆ ಟಾರ್ಕೂನಿನ ಪಾಲಾಯಿತು, ಹೈಸ್ಕೂಲೂ ಅವರ ಪಾಲೇ. ನಮಗೆ ಉಳಿದದ್ದು ಗೋಧಿಯ ಕಣಜ ಮತ್ತು ಫುಟ್ಬಾಲ್ ತಂಡ. ನಿನ್ನಪ್ಪನ ಕಾಲದಲ್ಲಿ ಅವರು ಕದ್ದೊಯ್ದ ಶಾಲೆಯ ಗಂಟೆಯನ್ನು ಇನ್ನೂ ವಾಪಸು ಕೇಳುವ ಜನ ನಾವು. ಬಾಯಿಬಿಟ್ಟು ಜಗಳ ಆಡುವುದಿಲ್ಲ. ಎದುರು ಬರುವ ಗಾಡಿಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತೇವೆ, ಎತ್ತದಿದ್ದರೆ ಆ ಗಾಡಿಯಲ್ಲಿರುವವನು ನಮ್ಮ ಪಾಲಿಗೆ ಸತ್ತ ಹಾಗೆ.

ಅಂಥ ಊರಿಗೆ ನೀನು ತಂಡದ ಅಧ್ಯಕ್ಷನಾಗಿ ಎರಡೂ ತಂಡ ಒಂದು ಮಾಡುವ ಆ ಒಪ್ಪಂದ ತಂದೆ. ಹೆಸರಿನಲ್ಲಿ ಟಾರ್ಕೂನ್ ಮೊದಲು, ಅಂಗಿಯ ಬಣ್ಣ ಅವರದು, ದೊಡ್ಡ ಆಟಗಳೆಲ್ಲ ಅಲ್ಲಿ. ಸಭೆಯಲ್ಲಿ ಸ್ಟಾನ್ ಗಿಬ್ ಎದ್ದು ನಿಂತು, "ಊರನ್ನೇ ಕೊಟ್ಟು ಬಂದ್ಯಲ್ಲಯ್ಯಾ ಕ್ಲೆಮ್, ಪ್ಯಾಂಟಾದ್ರೂ ಉಳಿಸ್ಕೊಂಡ್ಯಾ?" ಎಂದ. ಎಲ್ಲರೂ ನಕ್ಕರು. ನೀನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತೆ. ಮಾರನೆಯ ದಿನದಿಂದ ನಿನ್ನ ಗಾಡಿಗೆ ಒಂದು ಬೆರಳೂ ಏಳಲಿಲ್ಲ.

ಊರಿನ ಸಿಟ್ಟು ಬೇರೆ, ನನ್ನದು ಬೇರೆ. ನಮ್ಮ ರೋರಿ ಅಭ್ಯಾಸ ಮುಗಿಸಿ ಬರುವಾಗ ಕಾಂಗರೂ ಅಡ್ಡ ಬಂದು ಗಾಡಿ ಮಗುಚಿ ಹೋಗಿಬಿಟ್ಟನಲ್ಲ, ಅಂದಿನಿಂದ ಅವನ ಒಂಬತ್ತನೇ ನಂಬರಿನ ಅಂಗಿಯನ್ನು ಯಾರೂ ತೊಡಲಿಲ್ಲ. ಪ್ರತಿ ಆಟಕ್ಕೂ ಮುಂಚೆ ನೀನೇ ಅದನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂಬತ್ತನೇ ಗೂಟಕ್ಕೆ ತೂಗುಹಾಕಿ ಬರುತ್ತಿದ್ದೆ. ಹೊಸ ತಂಡ, ಹೊಸ ಅಂಗಿ ಎಂದಾಗ ನನ್ನ ಕಣ್ಣಿಗೆ ಬಂದದ್ದು ಒಂದೇ. ಟಾರ್ಕೂನಿನ ಯಾವನೋ ನನ್ನ ಮಗನ ನಂಬರನ್ನು ಬೆನ್ನಿಗೆ ಹಾಕಿಕೊಂಡು ಓಡಾಡುತ್ತಾನೆ. ಒಂಬತ್ತರ ಗತಿ ಏನು ಎಂದು ಕೇಳಿದರೆ ನೀನು, "ಆಗಿದ್ದು ಆಯ್ತು, ನೋರೀನ್. ಅದನ್ನ ಕೆದಕಬೇಡ" ಎಂದೆ. ಹಾಗೆಂದವನ ಜೊತೆ ಒಂದೇ ಮೇಜಿನಲ್ಲಿ ಕೂತು ಊಟ ಮಾಡುವುದು ನನ್ನಿಂದ ಆಗಲಿಲ್ಲ. ನೀನು ಕಡಲ ದಂಡೆಗೆ, ತಂಗಿಯ ಮನೆಗೆ ಹೊರಟಾಗ ನಾನು ತಡೆಯಲಿಲ್ಲ.

ನಿನ್ನೆ ಕ್ಯಾಂಟೀನಿನಲ್ಲಿ ನನ್ನ ಪಕ್ಕ ನಿಂತವಳು ಟಾರ್ಕೂನಿನ ಡಾಟ್. ಅವರ ಹಳೆಯ ಅಧ್ಯಕ್ಷನ ಹೆಂಡತಿ, ನಾಲಿಗೆ ಗೊತ್ತಲ್ಲ. "ನಿಮ್ಮೂರ ಟೀ ಇವತ್ತಿಗೂ ಪಾತ್ರೆ ತೊಳೆದ ನೀರಿನ ಥರಾನೇ ಇದೆ ಕಣೇ" ಎಂದಳು. "ಗಂಟೆ ತಂದ್ಕೊಡು, ಒಳ್ಳೇ ಟೀ ಮಾಡ್ಕೊಡ್ತೀನಿ" ಎಂದೆ. ಹೀಗೇ ಕೆಲಸ ಸಾಗಿತ್ತು. ಅರ್ಧ ಆಟದ ಬಿಡುವಿಗೆ ಹುಡುಗರಿಗೆ ಕಿತ್ತಳೆ ಹೆಚ್ಚಿ ಕೊಡಬೇಕಲ್ಲ, ಆ ತಟ್ಟೆ ಹಿಡಿದು ನಾನು ಬಟ್ಟೆ ಬದಲಿಸುವ ಕೋಣೆಗೆ ಹೋದೆ.

ಆಟಗಾರರಿನ್ನೂ ಮೈದಾನದಲ್ಲಿದ್ದರು. ಎಲ್ಲ ಗೂಟಗಳಲ್ಲೂ ಹುಡುಗರ ಪ್ಯಾಂಟು, ಟವೆಲು. ಎಂಟರ ಆಚೆ, ಹತ್ತರ ಈಚೆ, ಒಂಬತ್ತನೇ ಗೂಟದಲ್ಲಿ ಒಂದು ಅಂಗಿ ಮಾತ್ರ ಇತ್ತು. ಅವರ ಕೆಂಪು ಕಪ್ಪು ಬಣ್ಣದ್ದು, ಬೆನ್ನ ಮೇಲೆ ಒಂಬತ್ತು. ಒಮ್ಮೆಯೂ ತೊಟ್ಟದ್ದಲ್ಲ, ಅಂಗಡಿಯಲ್ಲಿ ಮಡಿಸಿದ ಗೆರೆ ಇನ್ನೂ ಹೋಗಿರಲಿಲ್ಲ.

ಹಿಂದಿನಿಂದ ಡಾಟ್ ಬಂದಳು. ಈ ಸಲ ಅವಳ ದನಿಯಲ್ಲಿ ಕುಹಕವಿರಲಿಲ್ಲ.

"ನಿಂಗೆ ಗೊತ್ತೇ ಇಲ್ವೇನೇ? ನಿನ್ ಗಂಡ ಒಪ್ಪಂದದ ದಿನ ನಮ್ಮನೇ ಅಡಿಗೆಮನೇಲಿ ಕೂತು ಇದೊಂದೇ ಕೇಳಿದ್ದು, ಒಂಬತ್ತನ್ನ ಯಾರೂ ತೊಡೋದು ಬೇಡ, ಗೂಟದಲ್ಲೇ ಇರ್ಲಿ ಅಂತ. ಒಂಬತ್ತು ನಮ್ಮ ಹಳೇ ಕ್ಯಾಪ್ಟನ್ನಿಂದು, ನಮ್ಮೋರು ಸುಮ್ನೆ ಬಿಡ್ತಾರಾ? ಹೆಸ್ರು ಕೊಡು ಅಂದ್ರು, ಕೊಟ್ಟ. ಬಣ್ಣ ಕೊಡು ಅಂದ್ರು, ಕೊಟ್ಟ. ದೊಡ್ಡಾಟಾನೂ ಕೊಟ್ಟ. ಎಲ್ಲಾದಕ್ಕೂ ಹೂಂ, ಹೂಂ. ನಮ್ಮನೆಯೋರಿಗೇ ನಾಚ್ಕೆ ಆಗಿ ಟೀಗೆ ಸಕ್ಕರೆ ಬದ್ಲು ಉಪ್ಪು ಹಾಕ್ಕೊಂಡ್ರು. ಹೊರಡೋವಾಗ ಬಾಗಿಲಲ್ಲಿ ನಿಂತು ಏನಂದ ಗೊತ್ತಾ? ಇದು ಈ ಅಡಿಗೆಮನೆ ದಾಟ್ಬಾರ್ದು, ಊರು ನನ್ನ ಬೈಲಿ, ನನ್ನ ಹುಡುಗನ್ನ ಬೈಯೋದು ಬೇಡ ಅಂದ."

ಗೂಟದ ಅಂಗಿ ಊರವರ ಕಣ್ಣಿಗೆ ಬೀಳದೆ ಇರಲಿಲ್ಲವಂತೆ. ಟಾರ್ಕೂನಿನವರು ತೋರಿಸಿದ ಮರ್ಯಾದೆ ಎಂದುಕೊಂಡಿದ್ದರು. ನನ್ನೆದುರು ರೋರಿಯ ಹೆಸರೆತ್ತಲು ಯಾರಿಗೂ ಧೈರ್ಯವಿಲ್ಲ, ಹಾಗಾಗಿ ಯಾರೂ ನನಗೆ ಹೇಳಲಿಲ್ಲ. ನೀನೂ ಹೇಳಲಿಲ್ಲ. ಯಾಕೆಂದು ಈಗ ತಿಳಿಯುತ್ತದೆ. ನನ್ನ ಬಾಯಿ ನಿನಗೆ ಗೊತ್ತು, ಆ ಸಭೆಯಲ್ಲೇ ಎದ್ದು ಸ್ಟಾನ್ ಗಿಬ್‌ನ ಮುಖಕ್ಕೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಮರುದಿನದಿಂದ ಊರು, ಸತ್ತ ಹುಡುಗನಿಗಾಗಿ ಮೈದಾನ ಕಳೆದುಕೊಂಡೆವು ಎನ್ನುತ್ತಿತ್ತು.

ತಟ್ಟೆ ನನ್ನ ಕೈ ಜಾರುತ್ತಿತ್ತು, ಡಾಟ್ ಹಿಡಿದುಕೊಂಡಳು. ಹೊರಗೆ ಯಾರೋ ಗೋಲು ಹೊಡೆದರು, ಮೈದಾನದ ಸುತ್ತ ನಿಂತ ಗಾಡಿಗಳೆಲ್ಲ ಹಾರ್ನ್ ಬಾರಿಸಿದವು. ಆ ಸದ್ದಿನಲ್ಲಿ ನಾನು ಅತ್ತೆ. ರೋರಿ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಸ್ಟಾನ್ ಎದುರಾದ, ನನಗೆ ಬೆರಳು ಎತ್ತಿದ. ಗಾಡಿ ಅಡ್ಡ ಹಾಕಿ ಎಲ್ಲವನ್ನೂ ಕೂಗಿ ಹೇಳಬೇಕೆನಿಸಿತು. ಹೇಳಲಿಲ್ಲ, ಇನ್ನು ಹೇಳುವುದೂ ಇಲ್ಲ. ನೀನು ಅಷ್ಟು ಕಷ್ಟಪಟ್ಟು ಕಾಪಾಡಿದ್ದನ್ನು ನಾನು ಒಡೆಯಲಾರೆ. ಈ ಊರು ಕಡೆಯವರೆಗೂ ನಿನ್ನನ್ನು ಬೈಯುತ್ತದೆ, ಕ್ಲೆಮ್, ನಾನು ಅದನ್ನು ಕೇಳಿಸಿಕೊಂಡು ಟೀ ಸುರಿಯುತ್ತಿರಬೇಕು. ಅದು ನನಗೆ ತುಂಬ ನೋವಿನ ಸಂಗತಿ.

ಆ ಅಂಗಿಯನ್ನು ಡಾಟ್ ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾಳೆ. ಅದನ್ನು ತೆಗೆದುಕೊಂಡು ಬುಧವಾರದ ಬಸ್ಸಿಗೆ ನಿನ್ನ ಹತ್ತಿರ ಬರಬೇಕೆಂದಿದ್ದೇನೆ. ಬರಲೇ? ಬೇಡ ಎನ್ನುವ ಹಕ್ಕು ನಿನಗಿದೆ. ಬರಬಹುದು ಎಂದಾದರೆ ಆ ಬೆರಳೊಂದನ್ನು ಎತ್ತು, ದಾರಿಯಲ್ಲಿ ಎತ್ತುತ್ತಿದ್ದೆಯಲ್ಲ, ಹಾಗೆ. ಯೂನಾ ನೋಡಿ ನನಗೆ ಫೋನು ಮಾಡುತ್ತಾಳೆ.

ಈಗಲೂ ನಿನ್ನ ಹೆಂಡತಿ,
ನೋರೀನ್

ಮತ್ತೊಂದು ಮಾತು: ಯೂನಾ, ಈ ಸಾಲನ್ನು ಅವನಿಗೆ ಓದಬೇಡ. ಬೆರಳು ಏಳದಿದ್ದರೂ ಎದ್ದಿತು ಎಂದೇ ನನಗೆ ಹೇಳು.