ಬರುವಾಗಿನ ಬುತ್ತಿ

ವಳಸಂಗ, ೧೨-೩-೧೯೫೩

ಅಪ್ಪನವರ ಪಾದಕ್ಕೆ ಮಗಳು ಇಂದ್ರಾಬಾಯಿಯ ಶರಣಾರ್ಥಿ.

ಸೋಮವಾರ ನಸುಕಿನಲ್ಲಿ ನಾನು, ನಿಮ್ಮ ಅಳಿಯಂದಿರು ಅವರ ಗೆಳೆಯರ ಮೋಟಾರಿನಲ್ಲಿ ಘಟ್ಟ ನೋಡಲು ಹೊರಡುತ್ತೇವೆ. ಸಾತಾರೆಯಲ್ಲಿ ವಸ್ತಿ, ಮರುದಿನ ಪಾಂಚಗಣಿ, ಆಮೇಲೆ ಮಹಾಬಳೇಶ್ವರದ ಕಾಡು, ನಾಲ್ಕನೆಯ ದಿನ ಮನೆ. ದಾರಿಯನ್ನೆಲ್ಲ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. "ಗುಡ್ಡದ ಗಾಳಿಗೆ ನಿನ್ನ ಕೆಮ್ಮು ಓಡಿಹೋಗ್ತದ ನೋಡು" ಎಂದರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ.

ಮಿರಜಿನ ಡಾಕ್ಟರು ನನ್ನ ಎದೆಯ ಫೋಟೋ ನೋಡಿ ಅವರೊಬ್ಬರನ್ನೇ ಒಳಗೆ ಕರೆದಿದ್ದರು. ಪಾಂಚಗಣಿಯಲ್ಲಿ ಕ್ಷಯದವರ ದವಾಖಾನೆ ಇದೆಯೆಂದು ನನಗೂ ಗೊತ್ತು.

ಇವತ್ತು ಅತ್ತೆ ವಾರಗಟ್ಟಲೆ ಕೆಡದ ಕಟಕ ರೊಟ್ಟಿ ಬಡಿದು, ಹೋಗುವಾಗಿನ ಬುತ್ತಿ, ಬರುವಾಗಿನ ಬುತ್ತಿ ಬೇರೆ ಬೇರೆ ಕಟ್ಟಿದರು. ಹೋಗುವ ಗಂಟಿನಲ್ಲಿ ಇಬ್ಬರ ರೊಟ್ಟಿ ಇವೆ. ಬರುವ ಗಂಟಿನಲ್ಲಿ ಒಬ್ಬರವೇ ಇವೆ.

"ಅತ್ತಿ, ಇವು ಕಡಿಮಿ ಬೀಳ್ತಾವಲ್ರಿ?" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗಿ ಭಾಳ ಆಗೇದವ್ವಾ" ಎಂದರು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ನಿಮ್ಮ ಅಳಿಯಂದಿರನ್ನು ಕೇಳಿದರೆ ಅತ್ತೇಬಿಡುತ್ತಾರೆ. ಅದಕ್ಕೇ, ಘಟ್ಟದಲ್ಲಿ ನೀರು ಧುಮುಕುವುದು ಕಾಣುತ್ತದೆಯೇ ಎಂದಷ್ಟೇ ಕೇಳುತ್ತಿದ್ದೇನೆ.

ನೀವು ರವಿವಾರವೇ ಬಂದು ನನ್ನ ಮಗಳು ಗೌರವ್ವನನ್ನು ನಮ್ಮ ತವರು ಅಸಂಗಿಗೆ ಕರೆದೊಯ್ಯಿರಿ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ಮಾತ್ರ ತಿನ್ನುತ್ತಾಳೆ. "ನಿಮ್ಮವ್ವ ನಾಕು ದಿನದಾಗ ಬರ್ತಾಳ" ಎಂದು ಮಾತ್ರ ಹೇಳಬೇಡಿರಿ. ನಾಲ್ಕರತನಕ ಎಣಿಸುವುದನ್ನು ಮೊನ್ನೆಯಷ್ಟೇ ನಾನೇ ಕಲಿಸಿದ್ದೇನೆ.

ನಿಮ್ಮ
ಇಂದ್ರಾ