ಬೆಟ್ಟದ ಮೇಲಿನ ವಿಡಿಯೋ

ತೆರಕಣಾಂಬಿ,
ಮಂಗಳವಾರ

ಚಂದ್ರು ಮಾವನಿಗೆ ಸ್ವರ್ಣಲತಾಳ ನಮಸ್ಕಾರ.

ಭಾನುವಾರ ಗೋಪಾಲಸ್ವಾಮಿ ಬೆಟ್ಟದಲ್ಲಿ, ನನ್ನ ಜೊತೆ ಕೆಲಸ ಮಾಡುವ ಶಶಿಕುಮಾರ ಎಲ್ಲರೆದುರು ಮಂಡಿಯೂರಿ, ಉಂಗುರ ಹಿಡಿದು, ಮದುವೆಯಾಗ್ತೀಯಾ ಎಂದು ಕೇಳಿಬಿಟ್ಟ. ದೇವರಾಣೆ, ನನಗೆ ಮೊದಲೇ ಗೊತ್ತಿರಲಿಲ್ಲ. ಯಾರೋ ವಿಡಿಯೋ ಮಾಡಿ ಹರಿಯಬಿಟ್ಟಿದ್ದಾರೆ. ಊರಲ್ಲಿ ಅಪ್ಪ ಒಬ್ಬರೇ ಇನ್ನೂ ನೋಡಿಲ್ಲ. "ನಿಮ್ಮಪ್ಪ ಕಂಡ್ರೆ ಇಬ್ರುನ್ನೂ ಉಳ್ಸಕಿಲ್ಲ ಕಣಮ್ಮಿ" ಎಂದು ಅಮ್ಮ ನನ್ನ ಫೋನ್ ಕಿತ್ತಿಟ್ಟಿದ್ದಾಳೆ.

ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಸೋದರಮಾವನಾದ ನಿಮಗೇ ಕೊಡುವುದು ಎಂದು ಮಾತಾಗಿದೆ. ನಾನು ಬೇಡ ಎನ್ನುವಂತಿಲ್ಲ. ನೀವು ಬೇಡವೆಂದರೆ ಅಪ್ಪ ಮರುಮಾತಾಡುವುದಿಲ್ಲ. ಅವರು ನೋಡುವ ಮೊದಲು ಬಂದು ಹೇಳಿಬಿಡಿ.

ವಿಡಿಯೋ ನಿಮಗೂ ಬಂದರೆ, ದಯವಿಟ್ಟು ಕೊನೆಯವರೆಗೆ ನೋಡಬೇಡಿ. ಕೊನೆಯಲ್ಲಿ ನಾನು ನಗುತ್ತಾ ಕೈ ಚಾಚಿದ್ದೇನೆ.

ನಿಮ್ಮ ಅಕ್ಕನ ಮಗಳು,
ಸ್ವರ್ಣ